ನಂಬರ್ ಒನ್ ಯಾರು? ಸ್ಕ್ರ್ಯಾಚ್ ಆಟಕ್ಕ ಲೀಡರ್‌ಬೋರ್ಡ್ ಕಟ್ಟೋಣ ಬರ್ರಿ

(ಪರದೆ: ಮೇಲಿಂದ ತೊಗರಿ ಕಾಳು ಬೀಳುತ್ತಿವೆ. ಕೆಳಗೆ ಒಂದು ಮೊರ ಎಡಕ್ಕೂ ಬಲಕ್ಕೂ ಓಡುತ್ತಿದೆ. ಹಿಂದಿನಿಂದ ಮಕ್ಕಳ ದನಿ.)

"ನಂದು 42 ಆಗಿತ್ತು!"
"ಎಲ್ಲದ? ತೋರ್ಸು ನೋಡಮು."
"ಮಾಮಾ, ನೀ ನೋಡಿದ್ದಿಲ್ಲೇನು?"

ನಾ ನೋಡಿದ್ದಿಲ್ಲ. ನಾ ಚಾ ಕುಡೀಲಾಕತ್ತಿದ್ದೆ.

ನಮಸ್ಕಾರ್ರೀ ಎಲ್ಲರಿಗೂ, ಕಲಬುರಗಿಯಿಂದ. ಸಾಲಿ ಸೂಟಿ ಅದ, ಹೊರಗ ಕಾಲಿಡ್ಲಾಕ ಆಗದಂಥ ಬಿಸಿಲು. ಅಕ್ಕನ ಮಕ್ಕಳು ಇಬ್ಬರೂ ನಮ್ಮ ಮನ್ಯಾಗೇ ಠಿಕಾಣಿ ಹೂಡ್ಯಾರ. ಅವರೇ ಕೂಡಿ ಸ್ಕ್ರ್ಯಾಚ್‌ನ್ಯಾಗ ಮಾಡಿದ ಆಟ ಇದು. ಕಾಳು ಮೊರದಾಗ ಬಿದ್ರ ಒಂದು ಅಂಕ, ಹರಳು ಬಿದ್ರ ಎರಡು ಕಡಿಮಿ, 30 ಸೆಕೆಂಡಿಗೆ ಆಟ ಖತಂ. ಎಲ್ಲಾ ವಿಡಿಯೋದಾಗೂ ಸೇಬು ಹಣ್ಣು ಹಿಡೀತಾರ. ತೊಗರಿ ಸೀಮಿ ಮಕ್ಕಳು ಸೇಬು ಯಾಕ ಹಿಡೀಬೇಕ್ರೀ?

ಸ್ಕ್ರ್ಯಾಚ್ ಗೊತ್ತಿಲ್ಲದವರಿಗೆ ಒಂದು ಮಾತು. 2007ರಾಗ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವ್ರು ಹೊರಗ ಬಿಟ್ಟದ್ದು, ಪುಕ್ಕಟೆ. ಕೋಡ್ ಟೈಪ್ ಮಾಡೋದಿಲ್ಲ, ಬ್ಲಾಕ್ ಎಳದು ಎಳದು ಜೋಡ್ಸೋದು.

ಜಗಳದ ಮೂಲ ಎಲ್ಲದ ಅಂದ್ರ, 'ಅಂಕ' ಅನ್ನೋದು ಒಂದು ವೇರಿಯೇಬಲ್. ಒಂದೇ ಡಬ್ಬಿ. ಆಟ ಚಾಲೂ ಮಾಡೋ ಹಸಿರು ಬಾವುಟ ಒತ್ತಿದ ಕೂಡ್ಲೆ ಅದು ಸೊನ್ನಿ. ಹಿಂದಿನ 42ಕ್ಕ ಸಾಕ್ಷಿನೇ ಇಲ್ಲ. ಲೀಡರ್‌ಬೋರ್ಡ್ ಅಂದ್ರ ಯಾರ ಅಂಕ ಎಷ್ಟು ಅಂತ ದೊಡ್ಡದರಿಂದ ಸಣ್ಣದಕ್ಕ ತೋರ್ಸೋ ಪಟ್ಟಿ. ಅದಕ್ಕ ನಮಗ ಡಬ್ಬಿಗಳ ಸಾಲು ಬೇಕು. ಅದಕ್ಕ ಲಿಸ್ಟ್ ಅಂತಾರ.

(ಪರದೆ: 'ವೇರಿಯೇಬಲ್ಸ್' ವಿಭಾಗ, 'ಮೇಕ್ ಎ ಲಿಸ್ಟ್' ಎರಡು ಸಲ ಒತ್ತುವುದು.)

ಎರಡು ಲಿಸ್ಟ್ ಮಾಡ್ರಿ: 'ಹೆಸರುಗಳು', 'ಅಂಕಗಳು'. ಎರಡೂ ಜೋಡೆತ್ತು ಇದ್ದಂಗ. ಒಂದರಾಗ ಮೂರನೇ ಜಾಗಕ್ಕ ಏನರ ಹಾಕಿದ್ರ ಇನ್ನೊಂದರಾಗೂ ಮೂರನೇ ಜಾಗಕ್ಕೇ ಹಾಕ್ಬೇಕು. ತಪ್ಪಿದ್ರ ಅಕ್ಕನ ಅಂಕ ತಮ್ಮನ ಹೆಸರಿಗೆ ಹೋಗ್ತದ, ಮತ್ತ ಮನ್ಯಾಗ ಕುರುಕ್ಷೇತ್ರ.

ಭಾಳ ಮಂದಿ ಹೊಸ ಅಂಕ ಲಿಸ್ಟಿನ ಕಡೀಕ ಹಾಕಿ, ಆಮ್ಯಾಲ ಇಡೀ ಲಿಸ್ಟು ದೊಡ್ಡದರಿಂದ ಸಣ್ಣದಕ್ಕ ಹೊಂದಸ್ಲಾಕ ಹೈರಾಣ ಆಗ್ತಾರ. ಬ್ಯಾಡ್ರಿ. ಒಳಗ ಹೋಗೋ ಮುಂದೇ ಸರಿಯಾದ ಜಾಗಕ್ಕ ಕೂಡ್ಸಿದ್ರ ಮುಗೀತು. ಪಾಳ್ಯಾಗ ನಡುವ ಒಬ್ಬರು ಬಂದು ನಿಂತ್ರ ಹಿಂದಿನವ್ರು ಒಂದೊಂದು ಹೆಜ್ಜಿ ಹಿಂದ ಸರೀತಾರಲ್ಲ, 'ಇನ್ಸರ್ಟ್' ಬ್ಲಾಕ್ ಅದನ್ನೇ ಮಾಡ್ತದ. ಬಸ್ ಸ್ಟ್ಯಾಂಡಿನಂಗ ಬೈಗುಳ ಇರಂಗಿಲ್ಲ ಅಷ್ಟೇ.

(ಪರದೆ: ಬ್ಲಾಕ್‌ಗಳು ಒಂದೊಂದಾಗಿ ಜೋಡಣೆಯಾಗುತ್ತವೆ.)

'ಜಾಗ' ಅಂತ ಒಂದು ವೇರಿಯೇಬಲ್ ಮಾಡಿ ಅದಕ್ಕ 1 ಕೊಡ್ರಿ. ಅದರ ಕೆಳಗ 'ರಿಪೀಟ್ ಅಂಟಿಲ್'. ಎಲ್ಲೀತನ? 'ಜಾಗ' ಲಿಸ್ಟಿನ ಉದ್ದ ದಾಟೋತನ, ಇಲ್ಲಾಂದ್ರ ನಮ್ಮ ಅಂಕ ಆ ಜಾಗದಾಗಿನ ಅಂಕಕ್ಕಿಂತ ದೊಡ್ಡದು ಅನ್ನೋದು ಸಿಗೋತನ. ಒಳಗ ಒಂದೇ ಬ್ಲಾಕ್: 'ಜಾಗ'ಕ್ಕ 1 ಕೂಡ್ಸು. ಹೊರಗ ಬಂದ ಮ್ಯಾಲ ಎರಡೂ ಲಿಸ್ಟಿಗೆ ಅದೇ ಜಾಗದಾಗ 'ಇನ್ಸರ್ಟ್'.

ಒಮ್ಮಿ ಕೈಲೆ ಮಾಡಿ ನೋಡಮು. ಲಿಸ್ಟಿನ್ಯಾಗ 42, 35, 20 ಅವ. ಹೊಸದು 35 ಬಂತು. 42ಕ್ಕಿಂತ ದೊಡ್ಡದೇನು? ಅಲ್ಲ. 35ಕ್ಕಿಂತ? ಅಲ್ಲ, ಸಮ ಅದ. 20ಕ್ಕಿಂತ? ಹೌದು. ಅಂದ್ರ ಮೂರನೇ ಜಾಗ. ಮೊದಲು 35 ತಗೊಂಡವ್ರು ಮ್ಯಾಲೇ ಉಳಿದ್ರು, ಹಿಂದಿಂದ ಬಂದವ್ರು ಕೆಳಗ. ನನಗ ಇದು ನ್ಯಾಯ ಅನಸ್ತದ. ನಮ್ಮ ಪೋರನಿಗೆ ಅನಸ್ಲಿಲ್ಲ, ಯಾಕಂದ್ರ ಹಿಂದಿಂದ ಬಂದವ ಅವನೇ.

ಲಿಸ್ಟಿನ ಉದ್ದ 10 ದಾಟಿದ್ರ ಎರಡರಾಗಿಂದೂ 11ನೇದು ತೆಗೀರಿ. ಬಾವುಟದ ಕೆಳಗ 'ಡಿಲೀಟ್ ಆಲ್' ಮಾತ್ರ ಇಡಬ್ಯಾಡ್ರಿ, ಪ್ರತಿ ಆಟಕ್ಕೂ ದಾಖಲೆ ಅಳಸಿ ಹೋಗ್ತದ. ನಾ ಅದಕ್ಕ ಬ್ಯಾರೇನೇ ಒಂದು ಸಣ್ಣ ಬಟನ್ ಮಾಡಿ, ಬ್ಯಾಕ್‌ಡ್ರಾಪ್‌ನ (ಹಿಂದಿನ ಚಿತ್ರದ) ಅದೇ ಬಣ್ಣದಾಗ ಮೂಲ್ಯಾಗ ಮುಚ್ಚಿಟ್ಟೀನಿ.

ಈಗ ನಾವು ಅರ್ಧ ತಾಸು ತಲಿ ಕೆಡಸ್ಕೊಂಡ ಕಥಿ.

(ಪರದೆ: ಹೆಸರು ಕೇಳುವ ಪೆಟ್ಟಿಗೆ, ಅದರ ಹಿಂದೆ ಕಾಳು ಇನ್ನೂ ಬೀಳುತ್ತಿವೆ.)

ಟೈಮ್ ಮುಗೀತು, 'ಆಸ್ಕ್ ಅಂಡ್ ವೇಟ್' ಹೆಸರು ಕೇಳ್ತು. ನಮ್ಮವ ಒಂದೇ ಬೆರಳಿನ್ಯಾಗ ಅಕ್ಷರ ಹುಡುಕಿ ಹುಡುಕಿ ಒತ್ಲಾಕತ್ತಾನ. ಹಿಂದ ಮೊರ ಸುಮ್ಮ ನಡುವ ನಿಂತದ, ಕಾಳು ಬಂದು ಬೀಳ್ಲಾಕತ್ತಾವ. 38 ಇದ್ದದ್ದು ಎಂಟರ್ ಒತ್ತೋದ್ರಾಗ 45! ಹಿಡದಾಕಿ ಅವನ ಅಕ್ಕ. "ಮಾಮಾ, ಇವ ಬೇಕಂತೇ ನಿಧಾನ ಬರೀತಾನ."

ಕಾರಣ ಏನಂದ್ರ, 'ವೇಟ್' ಅಂದ್ರ ಆ ಒಂದು ಸ್ಕ್ರಿಪ್ಟ್ (ಜೋಡ್ಸಿದ ಬ್ಲಾಕಿನ ಸಾಲು) ಅಷ್ಟೇ ಕಾಯ್ತದ, ಉಳಿದವು ಓಡ್ತಿರ್ತಾವ. ಅದಕ್ಕ ಹೆಸರು ಕೇಳೋಕಿಂತ ಮೊದಲೇ ಅಂಕವನ್ನ 'ಕೊನೆ ಅಂಕ' ಅನ್ನೋ ಡಬ್ಬಿಗೆ ತುಂಬಿ, ಮುಂದ ಎಲ್ಲಾ ಕಡೆ ಅದನ್ನೇ ಬಳಸ್ರಿ. ಮತ್ತ ಎಲ್ಲಾ ಸ್ಕ್ರಿಪ್ಟಿಗೂ ಕೇಳೋಹಂಗ 'ಆಟ ಮುಗೀತು' ಅಂತ ಬ್ರಾಡ್‌ಕಾಸ್ಟ್ ಮಾಡ್ರಿ. ಅದು ಬಂದಾಗ ಕಾಳಿನ ಸ್ಪ್ರೈಟ್ (ಪರದಿ ಮ್ಯಾಲ ಆಡೋ ಗೊಂಬಿ) ಎರಡು ಕೆಲಸ ಮಾಡ್ಲಿ: 'ಸ್ಟಾಪ್ ಅದರ್ ಸ್ಕ್ರಿಪ್ಟ್ಸ್ ಇನ್ ಸ್ಪ್ರೈಟ್', ಅದರ ಕೆಳಗ 'ಡಿಲೀಟ್ ದಿಸ್ ಕ್ಲೋನ್'. ಮೊದಲನೇದು ಹೊಸ ಕಾಳು ಹುಟ್ಟೋದು ನಿಲ್ಲಸ್ತದ, ಬೀಳೋ ಒಂದೊಂದು ಕಾಳೂ ಕ್ಲೋನ್, ಅಂದ್ರ ಸ್ಪ್ರೈಟಿನ ನಕಲು, ಎರಡನೇದು ಗಾಳ್ಯಾಗಿದ್ದ ಆ ಕಾಳು ಮಾಯ ಮಾಡ್ತದ. ಹರಳಿಗೂ ಹಿಂಗೇ.

ಲಿಸ್ಟ್ ಉಳಿಯೋದು ಪ್ರಾಜೆಕ್ಟ್ ಸೇವ್ ಮಾಡಿದ್ರ ಮಾತ್ರ. ನಡು ಮಧ್ಯಾಹ್ನ ಕರೆಂಟ್ ಹೋಗಿ ನಮ್ಮದು ಒಮ್ಮಿ ಪೂರಾ ಹೋಗ್ಯಾದ, ಕಂಪ್ಯೂಟರಿಗೆ ಯುಪಿಎಸ್ ಇಲ್ಲ.

ಇನ್ನ, ಬೀದರ್‌ನಾಗಿನ ಗೆಳೆಯಾನ ಅಂಕ ನಿಮ್ಮ ಪಟ್ಟಿಗೆ ಬರ್ಬೇಕಂದ್ರ? ಅದಕ್ಕ ಕ್ಲೌಡ್ ವೇರಿಯೇಬಲ್ ಬೇಕು, ಅಂದ್ರ ಸ್ಕ್ರ್ಯಾಚ್‌ನವ್ರ ಸರ್ವರ್‌ನ್ಯಾಗ ಇರೋ, ಎಲ್ಲರಿಗೂ ಸಿಗೋ ಡಬ್ಬಿ. ಹೊಸ ಖಾತೆಗೆ ಅದು ಸಿಗಂಗಿಲ್ಲ, 'ನ್ಯೂ ಸ್ಕ್ರ್ಯಾಚರ್' ಹೋಗಿ 'ಸ್ಕ್ರ್ಯಾಚರ್' ಆಗ್ಬೇಕು. ಒಂದು ಪ್ರಾಜೆಕ್ಟಿಗೆ ಇಂಥ 10 ಡಬ್ಬಿ, ಒಂದೊಂದರಾಗ 256 ಅಂಕಿತನ. ಕ್ಲೌಡ್ ಲಿಸ್ಟ್ ಇಲ್ಲ, ಅಕ್ಷರನೂ ಹಿಡಿಯಂಗಿಲ್ಲ. ಹೆಸರನ್ನ ಅಂಕಿ ಮಾಡಿ ಕಳಸ್ಬೇಕು.

(ಪರದೆ: ಅ ದಿಂದ ಳ ವರೆಗೆ ಉದ್ದ ಲಿಸ್ಟ್.)

ಕನ್ನಡದಾಗೇ ಮಾಡಮು. ಒಂದು ಲಿಸ್ಟಿನ್ಯಾಗ ಸ್ವರ 13, ಅನುಸ್ವಾರ ವಿಸರ್ಗ 2, ವ್ಯಂಜನ 34. ಕಾಗುಣಿತದ ಚಿಹ್ನೆ 12, ಒತ್ತಕ್ಷರ ಮಾಡೋ ಅರ್ಧ ಚಿಹ್ನೆ 1. ಒಟ್ಟು 62. ಚಿಹ್ನೆ ಯಾಕ ಬ್ಯಾರೆ? 'ಕಾಕಾ' ಅನ್ನೋದರ ಉದ್ದ ಸ್ಕ್ರ್ಯಾಚ್‌ಗೆ ಕೇಳಿ ನೋಡ್ರಿ, 4 ಅಂತದ. ಅದರ ಲೆಕ್ಕಕ್ಕ ದೀರ್ಘನೂ ಒಂದು ಅಕ್ಷರ. ಈಗ ಲಿಸ್ಟಿನ್ಯಾಗ ಪ್ರತಿ ಅಕ್ಷರ ಎಷ್ಟನೇ ಜಾಗದಾಗ ಅದ ಆ ಸಂಖ್ಯೆಗೆ 10 ಕೂಡ್ಸಿದ್ರ ಎಲ್ಲವೂ ಎರಡಂಕಿ ಆಗ್ತಾವ, ಮತ್ತ ಹೆಸರು ಮಾಡ್ಲಾಕ ಒಡಿಯೋ ಮುಂದ ಗೊಂದಲ ಇಲ್ಲ. ಬ 38ನೇದು, ಸ 47, ವ 44. ಹಂಗಾಗಿ 'ಬಸವ' ಅಂದ್ರ 485754. ಇವನ್ನ 'ಜಾಯ್ನ್' ಬ್ಲಾಕಿಲೇ ಅಂಟಸ್ರಿ, ಕೂಡ್ಸೋದು ಗುಣ್ಸೋದು ಬ್ಯಾಡ. 16 ಅಂಕಿ ದಾಟಿದ್ರ ಸ್ಕ್ರ್ಯಾಚ್ ಲೆಕ್ಕ ಕಡೀ ಅಂಕಿಗಳನ್ನ ತಪ್ಪಸ್ತದ.

ಮಕ್ಕಳು ಪೂರಾ ಹೆಸರು ಹಾಕದೆ ಅಡ್ಡ ಹೆಸರು ಹಾಕ್ಲಿ, ಇದನ್ನ ಊರೆಲ್ಲಾ ನೋಡ್ತದ.

(ಪರದೆ: ಪಟ್ಟಿ ಮೂಡುತ್ತದೆ. ಮೊದಲ ಸಾಲು: ಅಕ್ಕಿ, 51. ಹಿಂದಿನಿಂದ ತಮ್ಮನ ದನಿ.)

"ಮಾಮಾ... ಆ ಎಲ್ಲಾ ಅಳಸೋ ಬಟನ್ ಯಾವ ಮೂಲ್ಯಾಗ ಇಟ್ಟಿ?"