ಪುಂಗ್ಲಿ ಸೇತುವೆಗೆ ಆಕಾಶದ ದಾರಿ

ಆಕಾಶವಾಣಿ ಹಾಸನದ ಕೇಳುಗರಿಗೆ ನಮಸ್ಕಾರ.

ಆಗಸ್ಟ್ ಹದಿನೈದು ಹತ್ತಿರವಾದರೆ ಸಕಲೇಶಪುರದ ಸುತ್ತಮುತ್ತಲಿನ ಯಾವುದಾದರೊಂದು ಶಾಲೆಯವರು ನನ್ನನ್ನು ಕರೆಯುತ್ತಾರೆ. ಪೆಟ್ಟಿಗೆಯಲ್ಲಿಟ್ಟಿರುವ, ಪ್ಯಾರಾಚೂಟ್ ಸೈನಿಕರ ಮರೂನ್ ಬಣ್ಣದ ಟೋಪಿ ತೆಗೆದು ತಲೆಗೇರಿಸಿಕೊಂಡು ಹೋಗುತ್ತೇನೆ. ಮಕ್ಕಳದು ಪ್ರತಿ ವರ್ಷವೂ ಒಂದೇ ಪ್ರಶ್ನೆ: "ತಾತ, ವಿಮಾನದಿಂದ ಹಾರುವಾಗ ಭಯವಾಗಲಿಲ್ಲವೇ?"

ಹಾರುವಾಗ ಭಯಪಡಲು ಪುರುಸೊತ್ತೇ ಇರುವುದಿಲ್ಲ ಮಕ್ಕಳೇ, ಎನ್ನುತ್ತೇನೆ. ಸಾವಿರ ಅಡಿ ಎತ್ತರದಿಂದ ನೆಲಕ್ಕೆ ಬರಲು ಒಂದು ನಿಮಿಷ ಹಿಡಿದರೆ ಹೆಚ್ಚು. ಸಿಲ್ವರ್ ಮರಕ್ಕೆ ಬಿದಿರಿನ ಏಣಿ ಹಾಕಿ ಕಾಳುಮೆಣಸು ಕೊಯ್ಯುವವರು ದಿನವಿಡೀ ಪಡುವ ಭಯ ಅದಕ್ಕಿಂತ ದೊಡ್ಡದು. ನಾನು ಎರಡನ್ನೂ ಮಾಡಿದವನು, ಹಾಗಾಗಿ ಹೇಳುತ್ತಿದ್ದೇನೆ.

ಭಯವಿದ್ದದ್ದು ಕಾಯುವುದರಲ್ಲಿ. 1971ರ ಡಿಸೆಂಬರ್ 11, ಶನಿವಾರ. ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ಯುದ್ಧ ಶುರುವಾಗಿ ಎಂಟು ದಿನಗಳಾಗಿದ್ದವು. ನಾನು 2ನೇ ಪ್ಯಾರಾ ಪಲ್ಟನ್ನಿನ ಸಿಪಾಯಿ. ಮೂಲದಲ್ಲಿ ಅದು ಮರಾಠಾ ಪಲ್ಟನ್, ಬೆಳಗಾವಿಯ ಕಡೆಯ ಹುಡುಗರೂ ಇದ್ದುದರಿಂದ ಕನ್ನಡ ಮರೆಯುವ ಪ್ರಮೇಯ ನನಗೆ ಬರಲಿಲ್ಲ. ನಮ್ಮ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು. ಉತ್ತರದ ಮೈಮೆನ್‌ಸಿಂಗ್ ಕಡೆಯಿಂದ ಪಾಕಿಸ್ತಾನದ 93ನೇ ಬ್ರಿಗೇಡ್ ಢಾಕಾ ಕಾಯಲು ಹಿಂದಕ್ಕೆ ಸರಿಯುತ್ತಿತ್ತು. ಅದು ಹಾದು ಹೋಗಬೇಕಾದ ಟಾಂಗಾಯಿಲ್ ರಸ್ತೆಯಲ್ಲಿ ಪುಂಗ್ಲಿ ಎಂಬಲ್ಲಿ ಒಂದು ಸೇತುವೆ. ಆ ಸೇತುವೆಯನ್ನು ಹಿಡಿದು ದಾರಿಗೆ ಅಡ್ಡ ಕೂರುವುದು ನಮ್ಮ ಕೆಲಸ. ರಸ್ತೆಯಲ್ಲಿ ಹೋದರೆ ಅವರ ಹಿಂದೆಯೇ ಹೋಗಬೇಕು. ಮುಂದೆ ಹೋಗಲು ಇದ್ದದ್ದು ಆಕಾಶದ ದಾರಿ ಒಂದೇ.

ಪಶ್ಚಿಮ ಬಂಗಾಳದ ಕಲೈಕುಂಡ ಮತ್ತು ಡಂಡಂ ನಿಲ್ದಾಣಗಳಿಂದ ವಿಮಾನಗಳು ಹೊರಟವು. ನಾನಿದ್ದದ್ದು ಪ್ಯಾಕೆಟ್ ಎಂಬ ಸಾಗಣೆ ವಿಮಾನದಲ್ಲಿ. ಅದರ ಹೊಟ್ಟೆಯೊಳಗೆ ಎದುರುಬದುರಾಗಿ ಕೂತಿದ್ದೆವು. ಬೆನ್ನಿಗೆ ದೊಡ್ಡ ಪ್ಯಾರಾಚೂಟ್, ಎದೆಗೆ ಆಪತ್ಕಾಲದ ಚಿಕ್ಕದು, ಕಾಲಿಗೆ ಒರಗಿದ ಸಾಮಾನಿನ ಗಂಟು. ಎಂಜಿನ್ನಿನ ಗದ್ದಲದಲ್ಲಿ ಪಕ್ಕದವನ ತುಟಿ ಮಾತ್ರ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎದುರಿಗಿದ್ದ ಚಿಕ್ಕೋಡಿಯ ಹುಡುಗನೊಬ್ಬ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಅವನನ್ನು ನೋಡುತ್ತಾ ಕೂತವನಿಗೆ ನನ್ನ ಕೈಯೂ ಅದನ್ನೇ ಮಾಡುತ್ತಿದೆ ಎಂದು ತಿಳಿದದ್ದು ತಡವಾಗಿ. ಆಗ್ರಾದಲ್ಲಿ ತರಬೇತಿಯ ಐದು ಜಿಗಿತ ಮುಗಿಸಿ ರೆಕ್ಕೆಯ ಬಿಲ್ಲೆ ಪಡೆದಾಗ ನಾನೇ ಗರುಡ ಎಂದುಕೊಂಡಿದ್ದೆ. ಅಲ್ಲಿ ಮಾಲ್ಪುರದ ಮೈದಾನದಲ್ಲಿ ಇಳಿದರೆ ಕೆಳಗೆ ಚಹಾ ಕಾಯುತ್ತಿತ್ತು.

ಕೆಂಪು ದೀಪ ಹತ್ತಿತು. ಎದ್ದು ನಿಂತು, ಪ್ಯಾರಾಚೂಟಿನ ಪಟ್ಟಿಯ ಕೊಂಡಿಯನ್ನು ತಲೆಯ ಮೇಲಿನ ತಂತಿಗೆ ಸಿಕ್ಕಿಸಿದೆವು. ನಾವು ಹೊರಬಿದ್ದಾಗ ಆ ಪಟ್ಟಿಯೇ ಎಳೆದು ಪ್ಯಾರಾಚೂಟನ್ನು ಬಿಚ್ಚುತ್ತದೆ, ನಮ್ಮ ಕೈ ಬೇಕಿಲ್ಲ. ಮುಂದಿರುವವನ ಕೊಂಡಿಯನ್ನು ಹಿಂದಿರುವವನು ಪರೀಕ್ಷಿಸಬೇಕು. ನನ್ನ ಬೆನ್ನು ತಟ್ಟಿದ ಕೈ ಯಾರದೆಂದು ತಿರುಗಿ ನೋಡಲಿಲ್ಲ. ಹಸಿರು ದೀಪ. ಆಮೇಲೆ ಸಾಲು ತಾನೇ ನಮ್ಮನ್ನು ಬಾಗಿಲಿನಿಂದ ಹೊರಕ್ಕೆ ತಳ್ಳಿತು.

ಕಿವಿಗೆ ಬಡಿಯುವ ಗಾಳಿ, ಭುಜ ಕೀಳುವಂತಹ ಒಂದು ಜಗ್ಗು, ಆಮೇಲೆ ನಿಶ್ಶಬ್ದ. ಸಂಜೆ ನಾಲ್ಕೂವರೆಯ ಆಸುಪಾಸು, ಹೊತ್ತು ಇಳಿಯುತ್ತಿತ್ತು. ಕೆಳಗೆ ಕಂಡದ್ದು ಕೊಯ್ಲಾದ ಭತ್ತದ ಗದ್ದೆ, ಬದು, ಬಾಳೆ, ಕೆರೆಗಳಂತಹ ಹೊಂಡಗಳು. ಒಂದು ಕ್ಷಣ ನಮ್ಮ ಹೇಮಾವತಿ ದಂಡೆಯ ಗದ್ದೆಬಯಲಿಗೇ ಇಳಿಯುತ್ತಿದ್ದೇನೆ ಅನ್ನಿಸಿತು. ಕಾಲು ಜೋಡಿಸಿ ಇಳಿದು ಉರುಳಿದೆ. ಕೂಳೆ ಚುಚ್ಚಿ ಮೊಣಕೈ ಗೀರಿದ್ದು ಬಿಟ್ಟರೆ ಪೆಟ್ಟಾಗಲಿಲ್ಲ.

ಎಲ್ಲರೂ ಹೀಗೆ ಒಂದೇ ಗದ್ದೆಗೆ ಬೀಳಲಿಲ್ಲ. ಗಾಳಿ ನಮ್ಮನ್ನು ಮೈಲಿಗಟ್ಟಲೆ ಚೆಲ್ಲಿತ್ತು. ಕೆಲವರೂ ಕೆಲವು ಸಾಮಾನುಗಳೂ ನೀರಿಗೆ ಬಿದ್ದವು. ಎದ್ದು ಬಂದೂಕು ಹಿಡಿದರೆ ನಾಲ್ಕೂ ದಿಕ್ಕಿನಿಂದ ಜನ ಓಡಿ ಬರುತ್ತಿದ್ದಾರೆ! ಶತ್ರುಗಳೆಂದೇ ಭಾವಿಸಿದೆ. ಅವರು "ಜೈ ಬಾಂಗ್ಲಾ" ಎಂದು ಕೂಗುತ್ತಿದ್ದರು. ಮುದುಕರು, ಹುಡುಗರು, ಲುಂಗಿ ಮೇಲೆ ಕಟ್ಟಿದ ರೈತರು. ಬಾಂಗ್ಲಾದ ಬಿಡುಗಡೆಗೆ ಹೋರಾಡುತ್ತಿದ್ದ ಮುಕ್ತಿವಾಹಿನಿಯ ನಾಯಕ ಕಾದರ್ ಸಿದ್ದಿಕಿಯ ಹುಡುಗರು ಆ ಸೀಮೆಯಲ್ಲಿ ಮೊದಲೇ ನೆಲೆಯೂರಿದ್ದರು, ನಮ್ಮ ಅಧಿಕಾರಿಯೊಬ್ಬರು ಮುಂಚೆಯೇ ಗುಟ್ಟಾಗಿ ಹೋಗಿ ಅವರ ಜೊತೆ ಸೇರಿದ್ದರು. ಹಳ್ಳಿಯವರು ಹೊಂಡಕ್ಕೆ ಮುಳುಗಿ ಮುಳುಗಿ ನಮ್ಮ ಮದ್ದಿನ ಪೆಟ್ಟಿಗೆಗಳನ್ನು ಎತ್ತಿ ಕೊಟ್ಟು, ತಲೆಯ ಮೇಲೆ ಹೊತ್ತು ಸೇತುವೆಯ ಕಡೆಗೆ ನಡೆದರು. ಒಬ್ಬ ಅಜ್ಜಿ ನನ್ನ ಕೈಗೆ ಪುರಿ ಸುರಿದು, ಮೇಲೊಂದು ಉಂಡೆ ಬೆಲ್ಲ ಇಟ್ಟಳು. ಈಚಲು ರಸದ ಬೆಲ್ಲ. ನಾನು ಆ ರುಚಿಯನ್ನು ಬೇರೆಲ್ಲೂ ಕಂಡಿಲ್ಲ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ತಿನ್ನು ಎಂಬುದನ್ನು ಕಣ್ಣಲ್ಲೇ ಹೇಳಿದಳು.

ಕತ್ತಲಾಗಿ ಸ್ವಲ್ಪ ಹೊತ್ತಿಗೆಲ್ಲ ಸೇತುವೆ ನಮ್ಮದಾಯಿತು. ಆದರೆ ರಾತ್ರಿ ದೊಡ್ಡದು. ಢಾಕಾ ಕಡೆಗೆ ಹೊರಟವರು ದಾರಿ ಬಿಡಿಸಿಕೊಳ್ಳಲು ಮತ್ತೆ ಮತ್ತೆ ನುಗ್ಗಿ ಬಂದರು, ಮತ್ತೆ ಮತ್ತೆ ಬಿದ್ದರು. ಆ ರಾತ್ರಿಯ ಬಗ್ಗೆ ಶಾಲೆಗಳಲ್ಲಿ ನಾನು ಮಾತಾಡುವುದಿಲ್ಲ, ಇಲ್ಲಿಯೂ ಬೇಡ. ಬೆಳಗ್ಗೆ ರಸ್ತೆಯ ಬದಿಯಲ್ಲಿ ಕಂಡ ಮುಖಗಳೆಲ್ಲ ನನ್ನದೇ ವಯಸ್ಸಿನವು ಎಂದಷ್ಟೇ ಹೇಳುತ್ತೇನೆ. 12ರ ಸಂಜೆ ಉತ್ತರದಿಂದ ನಮ್ಮ ಮರಾಠಾ ಪಡೆ ಬಂದು ಸೇರಿಕೊಂಡಿತು. ನಾಲ್ಕು ದಿನಗಳ ಮೇಲೆ, 16ರ ಬೆಳಗ್ಗೆ ಢಾಕಾ ನಗರದೊಳಕ್ಕೆ ಮೊದಲು ಕಾಲಿಟ್ಟದ್ದೂ ನಮ್ಮ ಪಲ್ಟನ್ನೇ. ಮುಂದಿನದು ಮಕ್ಕಳ ಪಠ್ಯಪುಸ್ತಕದಲ್ಲೂ ಇದೆ.

ಒಂದು ತಮಾಷೆ ಹೇಳಬೇಕು. ನಾವು ಇಳಿದದ್ದು ಒಂದು ಪಲ್ಟನ್ ಮತ್ತು ಅದರ ಜೊತೆಯ ಒಂದಿಷ್ಟು ಫಿರಂಗಿಯವರು, ವೈದ್ಯರು. ಸುದ್ದಿ ಮಾತ್ರ ಐದು ಸಾವಿರ ಮಂದಿ ಇಳಿದರು ಎಂದು ಹಬ್ಬಿತು. ನಾವು ಬೆಳೆದದ್ದು ಸುದ್ದಿಯಲ್ಲಿ. ಢಾಕಾದಲ್ಲಿ ಕೂತವರ ಎದೆ ಕುಗ್ಗಿಸಲು ಬಂದೂಕಿನಷ್ಟೇ ಆ ಸುಳ್ಳು ಲೆಕ್ಕವೂ ಕೆಲಸ ಮಾಡಿತು ಎಂಬುದು ನನ್ನ ಅಂದಾಜು.

ಆ ಸುದ್ದಿ ನಮ್ಮೂರಿಗೂ ತಲುಪಿತ್ತು, ರೇಡಿಯೊದಿಂದಲೇ. ಆಗ ನಮ್ಮೂರಿನಲ್ಲಿ ಇದ್ದದ್ದು ಎರಡು ರೇಡಿಯೊ. ಕಾಫಿ ಹಣ್ಣಿನ ಕೊಯ್ಲಿನ ಕಾಲ. ಸಂಜೆ ಕುಕ್ಕೆ ಇಳಿಸಿ ಅವ್ವ ತೋಟದ ಸಾಹುಕಾರರ ಜಗಲಿಯಲ್ಲಿ ನಿಂತು ವಾರ್ತೆ ಕೇಳುತ್ತಿದ್ದಳಂತೆ. ಪ್ಯಾರಾಚೂಟ್ ಎಂದರೇನು ಎಂದು ಕೇಳಿದ್ದಕ್ಕೆ ಯಾರೋ, "ಆಕಾಶದಿಂದ ಕೊಡೆ ಹಿಡಿದು ಇಳಿಯುವುದು" ಎಂದಿದ್ದರು. ಮಾರ್ಚ್‌ನಲ್ಲಿ ನಾನು ರಜೆಗೆ ಬಂದಾಗ ಯುದ್ಧ, ಸೇತುವೆ, ಢಾಕಾ ಯಾವುದನ್ನೂ ಅವಳು ಕೇಳಲಿಲ್ಲ.

"ಕೊಡೆ ಗಟ್ಟಿಯಿತ್ತೇನಪ್ಪ?" ಎಂದಳು.

ಗದ್ದೆಯಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದ ಪ್ಯಾರಾಚೂಟಿನ ಹಗ್ಗದ ತುಂಡನ್ನು ತೋರಿಸಿದೆ. ಎಳೆದು ನೋಡಿದಳು, ಹಲ್ಲಿನಲ್ಲಿ ಕಚ್ಚಿ ನೋಡಿದಳು. ಜೂನ್‌ನಲ್ಲಿ ಮಳೆ ಹಿಡಿದಾಗ ಬಟ್ಟೆ ಒಣಗಿಸಲು ಅದನ್ನು ನಡುಮನೆಯಲ್ಲಿ ಎರಡು ಕಂಬಗಳ ನಡುವೆ ಕಟ್ಟಿದಳು. ಅವ್ವ ಹೋಗಿ ಬಹಳ ವರ್ಷಗಳಾದವು. ಹಗ್ಗ ಅಲ್ಲಿಯೇ ಇದೆ, ಈ ಮಳೆಗಾಲದಲ್ಲಿ ನಮ್ಮ ಸೊಸೆ ಅದರ ಮೇಲೆ ಮೊಮ್ಮಗನ ಶಾಲೆಯ ಸಮವಸ್ತ್ರ ಹರವಿದ್ದಾಳೆ.

ನಮಸ್ಕಾರ.