ಸಿಗ್ರಿಡ್ ಉಂಡ್ಸೆಟ್: ಹತ್ತು ವರ್ಷ ಗುಮಾಸ್ತಿಕೆ, ಆಮೇಲೆ ಹದಿನಾಲ್ಕನೇ ಶತಮಾನ

ನಾರ್ವೆಯ ಲಿಲ್ಲೆಹ್ಯಾಮರ್ ಊರಲ್ಲಿ ಬ್ಯರ್ಕೆಬೆಕ್ ಅನ್ನೋ ಮನೆಯಿದೆ, ಈಗ ಅದು ಮ್ಯೂಸಿಯಂ. ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಹಳೇ ಮರದ ಮನೆಗಳನ್ನ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಮನೆಯೊಡತಿಯಾಗಿದ್ದವರು ಸಿಗ್ರಿಡ್ ಉಂಡ್ಸೆಟ್, 1928ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಕಾದಂಬರಿಕಾರ್ತಿ.

ಹುಟ್ಟಿದ್ದು 1882ರ ಮೇ 20, ಡೆನ್ಮಾರ್ಕಿನ ಕಲುಂಡ್‌ಬೋರ್ಗ್‌ನಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ಕುಟುಂಬ ಕ್ರಿಸ್ಟಿಯಾನಿಯಾಕ್ಕೆ, ಅಂದ್ರೆ ಇವತ್ತಿನ ಓಸ್ಲೋಗೆ, ಬಂತು. ತಂದೆ ಇಂಗ್ವಾಲ್ಡ್ ಪುರಾತತ್ವಜ್ಞ. ಹಳೇ ಕಾಲದ ವಸ್ತುಗಳು, ಐಸ್‌ಲ್ಯಾಂಡಿನ ಸಾಗಾ ಕಥೆಗಳು ಎಳವೆಯಲ್ಲೇ ಕೈಗೆ ಸಿಕ್ಕವು. ಆದರೆ ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮನೇಲಿ ದುಡ್ಡಿಲ್ಲ. ಒಂದು ವರ್ಷದ ವಾಣಿಜ್ಯ ಶಿಕ್ಷಣ ಮುಗಿಸಿ, ಹದಿನಾರರ ಹುಡುಗಿ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಗುಮಾಸ್ತಿಕೆಗೆ ಸೇರಿದಳು. ಹತ್ತು ವರ್ಷ ಅದೇ ಕೆಲಸ. ಓದು, ಬರವಣಿಗೆ ಎಲ್ಲಾ ಆಫೀಸು ಬಿಟ್ಟ ಮೇಲೆ, ರಾತ್ರಿ.

ಅವರ ಬದುಕಿನ ದೊಡ್ಡ ತಿರುವು ಒಂದು ತಿರಸ್ಕಾರ. ಮಧ್ಯಯುಗದ ಕಥೆಯಿದ್ದ ಮೊದಲ ಹಸ್ತಪ್ರತಿಯನ್ನ ಗಿಲ್ಡೆಂಡಾಲ್ ಪ್ರಕಾಶನ ವಾಪಸ್ ಕಳಿಸಿತು. ಐತಿಹಾಸಿಕ ಕಾದಂಬರಿ ನಿಮ್ಮ ಕೈಲಾಗೋದಲ್ಲ, ಬೇಕಿದ್ರೆ ಈಗಿನ ಕಾಲದ್ದೇನಾದ್ರೂ ಬರೆದು ನೋಡಿ ಅನ್ನೋದು ಅಲ್ಲಿಂದ ಬಂದ ಸಲಹೆ. ಆಕೆ ಬರೆದರು. 1907ರ 'ಫ್ರೂ ಮಾರ್ತಾ ಔಲಿಯೆ' ಶುರುವಾಗೋದೇ ಹೆಂಡತಿಯೊಬ್ಬಳು, ನಾನು ಗಂಡನಿಗೆ ದ್ರೋಹ ಮಾಡಿದೆ ಅಂತ ಬರೆದುಕೊಳ್ಳೋದರಿಂದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1909ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು, ಕೆಲಸ ಬಿಟ್ಟು ರೋಮ್‌ಗೆ ಹೋದರು. 1911ರ 'ಯೆನ್ನಿ' ಕಾದಂಬರಿಯಲ್ಲಿ ಆ ರೋಮ್ ಇದೆ.

ಅಲ್ಲಿ ಪರಿಚಯವಾದ ಚಿತ್ರಕಾರ ಆಂಡರ್ಸ್ ಸ್ವಾರ್ಸ್ಟಾಡ್ ಅವರನ್ನ 1912ರಲ್ಲಿ ಮದುವೆಯಾದರು. ಸ್ವಾರ್ಸ್ಟಾಡ್ ಅವರಿಗೆ ಮೊದಲ ಮದುವೆಯಿಂದ ಮೂರು ಮಕ್ಕಳು, ಇವರಿಬ್ಬರಿಗೆ ಮೂರು. ಮಗಳು ಮಾರೆನ್ ಷಾರ್ಲೊಟೆಗೆ ಬುದ್ಧಿ ಬೆಳವಣಿಗೆಯ ತೊಂದರೆಯಿತ್ತು, ಪೂರ್ತಿ ಆರೈಕೆ ಬೇಕಿತ್ತು. 1919ರಲ್ಲಿ ಮಕ್ಕಳನ್ನ ಕರ್ಕೊಂಡು ಲಿಲ್ಲೆಹ್ಯಾಮರ್‌ಗೆ ಬಂದರು, ಮದುವೆ ಅಲ್ಲಿಗೆ ಮುರಿದಿತ್ತು. ಅದೇ ವರ್ಷ ಕಿರಿಮಗ ಹುಟ್ಟಿದ. ಹಗಲು ಮನೆ, ಮಕ್ಕಳು. ಅವರು ಮಲಗಿದ ಮೇಲೆ ಗಟ್ಟಿ ಕಾಫಿ, ಸಿಗರೇಟು, ಬರವಣಿಗೆ. ಹೀಗೆ ಬಂದದ್ದು ಹದಿನಾಲ್ಕನೇ ಶತಮಾನದ ನಾರ್ವೆಯ ಹೆಣ್ಣೊಬ್ಬಳ ಬದುಕಿನ ಕಾದಂಬರಿ 'ಕ್ರಿಸ್ಟಿನ್ ಲಾವ್ರಾನ್ಸ್‌ಡಾಟರ್': 1920, 1921, 1922, ವರ್ಷಕ್ಕೊಂದು ಸಂಪುಟ. ನಿಮ್ಮ ಕೈಲಾಗದು ಅಂದಿದ್ದನ್ನೇ ಮಾಡಿ ನೊಬೆಲ್ ಪಡೆದರು. ಬಹುಮಾನದ ಹಣ ಇಟ್ಟುಕೊಳ್ಳಲಿಲ್ಲ. ಅದರಲ್ಲೊಂದು ಪಾಲು ಮಾರೆನ್ ಷಾರ್ಲೊಟೆಯಂಥ ಮಕ್ಕಳನ್ನ ಮನೆಯಲ್ಲೇ ಸಾಕೋ ಕುಟುಂಬಗಳ ನಿಧಿಗೆ ಹೋಯಿತು.

ಈಗ ಓದೋ ವಿಷಯ. 'ಕ್ರಿಸ್ಟಿನ್' ಶುರು ಮಾಡಿ ಅರ್ಧಕ್ಕೆ ಬಿಡೋರಿಗೆ ಸಾಮಾನ್ಯವಾಗಿ ಮೂರು ಕಡೆ ತೊಡಕಾಗುತ್ತೆ.

ಮೊದಲನೇದು ಅನುವಾದ. ಅಗ್ಗಕ್ಕೆ ಸಿಗೋದು 1920ರ ದಶಕದ ಹಳೇ ಇಂಗ್ಲಿಷ್ ಅನುವಾದ. ಅದರಲ್ಲಿ ಪಾತ್ರಗಳು ಬೇಕಂತಲೇ ಹಳತು ಮಾಡಿದ ಇಂಗ್ಲಿಷ್ ಮಾತಾಡ್ತವೆ, ಕೆಲವು ಭಾಗಗಳನ್ನ ಕತ್ತರಿಸಿದ್ದಾರೆ. ಮೂಲದ ನಾರ್ವೇಜಿಯನ್ ಅಷ್ಟು ಬಿಗಿಯಾಗಿಲ್ಲ. ಟೀನಾ ನನ್ನಲಿ ಅವರ ಹೊಸ ಇಂಗ್ಲಿಷ್ ಅನುವಾದವನ್ನೇ ತಗೊಳ್ಳಿ. ಮೂರೂ ಸಂಪುಟ ಒಟ್ಟಾಗಿ ಸಾವಿರದ ನೂರು ಪುಟ ದಾಟುತ್ತೆ, ಕೈಗೆ ಭಾರ ಅನ್ನಿಸಿದ್ರೆ ಬಿಡಿ ಸಂಪುಟಗಳೂ ಇವೆ.

ಎರಡನೇದು ಹೆಸರು. ಲಾವ್ರಾನ್ಸ್ ಮಗಳು ಲಾವ್ರಾನ್ಸ್‌ಡಾಟರ್, ಮದುವೆಯಾದರೂ ಅದು ಬದಲಾಗಲ್ಲ. ಹಾಗಾಗಿ ಅಮ್ಮ ರಾಗ್ನ್‌ಫ್ರಿಡ್ ಈವಾರ್ಸ್‌ಡಾಟರ್, ಅಪ್ಪ ಲಾವ್ರಾನ್ಸ್ ಬ್ಯೋರ್ಗುಲ್ಫ್‌ಸೊನ್, ಗಂಡ ಎರ್ಲೆಂಡ್ ನಿಕುಲೌಸ್‌ಸೊನ್. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡೋ ಹಾಗೆ ಅಲ್ಲೂ ಇಡ್ತಾರೆ. ಕ್ರಿಸ್ಟಿನ್‌ಳ ಮಕ್ಕಳಲ್ಲಿ ನಿಕುಲೌಸ್, ಬ್ಯೋರ್ಗುಲ್ಫ್, ಈವಾರ್, ಲಾವ್ರಾನ್ಸ್ ಎಲ್ಲರೂ ಬರ್ತಾರೆ. ಓದು ಶುರುವಾದ ದಿನವೇ ಒಂದು ಹಾಳೆಯಲ್ಲಿ ವಂಶವೃಕ್ಷ ಬರ್ಕೊಳ್ಳಿ, ಎರಡನೇ ಸಂಪುಟಕ್ಕೆ ಬೇಕೇ ಬೇಕು.

ಮೂರನೇದು ಅದೇ ಎರಡನೇ ಸಂಪುಟದ ರಾಜಕೀಯ. ಮಾಗ್ನುಸ್ ಎರಿಕ್ಸನ್ 1319ರಿಂದ ನಾರ್ವೆ, ಸ್ವೀಡನ್ ಎರಡಕ್ಕೂ ಒಬ್ಬನೇ ರಾಜ. ನಾರ್ವೆಗೆ ಬೇರೆ ರಾಜ ಬೇಕು ಅನ್ನೋ ಒಳಸಂಚಿಗೆ ಎರ್ಲೆಂಡ್ ಕೈಹಾಕ್ತಾನೆ. ಇಷ್ಟು ಗೊತ್ತಿದ್ರೆ ಸಾಕು. ಆ ಪುಟಗಳನ್ನ ಹಾರಿಸಬೇಡಿ. ಮನೆ, ಜಮೀನು, ಮಕ್ಕಳ ಮುಂದಿನ ಗತಿ ಎಲ್ಲಾ ಅಲ್ಲಿಂದಲೇ ಹೊರಳುತ್ತೆ. ಉಂಡ್ಸೆಟ್ ದೊಡ್ಡವರಾಗೋದು ಇಲ್ಲೇ. ಯಾರ ಪಾಪಕ್ಕೆ ಯಾರು ಬೆಲೆ ತೆರ್ತಾರೆ ಅನ್ನೋದನ್ನ ಉಗ್ರಾಣ, ಹೆರಿಗೆ, ವರದಕ್ಷಿಣೆಯ ಜಮೀನು ಇವುಗಳ ಲೆಕ್ಕದಲ್ಲೇ ಹೇಳ್ತಾರೆ. ಅವರ ಪಾತ್ರಗಳು ಹಳೇ ಕಾಲದ ಉಡುಪು ತೊಟ್ಟ ಈಗಿನ ಮನುಷ್ಯರಲ್ಲ. ದೇವರಿಗೆ, ಪಾಪಕ್ಕೆ ನಿಜವಾಗಿ ಹೆದರೋ ಜನ.

ಉಂಡ್ಸೆಟ್ ಕೂಡ 1924ರಲ್ಲಿ ಕ್ಯಾಥೊಲಿಕ್ ಆದರು, ಲೂಥರನ್ ಅಂದ್ರೆ ಪ್ರೊಟೆಸ್ಟೆಂಟ್ ಪಂಥದ ನಾರ್ವೆಯಲ್ಲಿ ಅದು ದೊಡ್ಡ ಸುದ್ದಿ. ಹಿಟ್ಲರನನ್ನ ಮೊದಲಿಂದಲೂ ಖಂಡಿಸಿದ್ದರು. 1939ರಲ್ಲಿ ಮಗಳು ತೀರಿಕೊಂಡಳು. 1940ರ ಆರಂಭದಲ್ಲಿ ನೊಬೆಲ್ ಪದಕವನ್ನ ಫಿನ್‌ಲೆಂಡಿನ ನೆರವಿಗೆ ಕೊಟ್ಟರು. ಅದೇ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಾರ್ವೆಗೆ ನುಗ್ಗಿತು, ಹಿರಿಮಗ ಆಂಡರ್ಸ್ ಗೌಸ್‌ಡಾಲ್‌ನ ಕಾಳಗದಲ್ಲಿ ಸತ್ತ. ತಾಯಿ ಸ್ವೀಡನ್, ರಷ್ಯಾ, ಜಪಾನ್ ಸುತ್ತಿ ಅಮೆರಿಕಕ್ಕೆ ತಲುಪಿ, ಬ್ರೂಕ್ಲಿನ್‌ನಲ್ಲಿದ್ದು ನಾರ್ವೆ ಪರ ಬರೆದರು, ಭಾಷಣ ಮಾಡಿದರು. 1945ರಲ್ಲಿ ಈ ಮನೆಗೇ ವಾಪಸ್. 1949ರ ಜೂನ್ 10ರಂದು ತೀರಿಕೊಂಡರು.

ಸಾವಿರ ಪುಟಕ್ಕೆ ಧೈರ್ಯ ಸಾಲದಿದ್ರೆ 'ಮಾರ್ತಾ ಔಲಿಯೆ'ಯಿಂದ ಶುರು ಮಾಡಿ, ತೆಳ್ಳಗಿದೆ, ಅದೂ ನನ್ನಲಿ ಅನುವಾದದಲ್ಲೇ ಸಿಗುತ್ತೆ. ಕ್ರಿಸ್ಟಿನ್ ಮುಗಿಸಿದವರು ಉಂಡ್ಸೆಟ್ ಅವರದೇ ಇನ್ನೊಂದು ಕಾದಂಬರಿ, ಓಲಾವ್ ಔದುನ್ಸೊನ್ ಕಥೆಗೆ ಹೋಗಿ. 2020ರಿಂದ ನಾಲ್ಕು ಸಂಪುಟಗಳಲ್ಲಿ ಹೊಸ ಇಂಗ್ಲಿಷ್ ಅನುವಾದ ಬಂದಿದೆ. ಅದು ಇನ್ನೂ ಕತ್ತಲಿನ ಪುಸ್ತಕ, ಮುಚ್ಚಿಟ್ಟ ಒಂದು ಕೊಲೆ ಒಬ್ಬ ಮನುಷ್ಯನನ್ನ ಜೀವಮಾನವಿಡೀ ತಿನ್ನುತ್ತೆ. ಇನ್ನು ಬ್ಯರ್ಕೆಬೆಕ್ ನೋಡೋರಿಗೆ: ಓಸ್ಲೋದಿಂದ ರೈಲಲ್ಲಿ ಸುಮಾರು ಎರಡು ಗಂಟೆ. ಹೋಗೋದಾದ್ರೆ ಬೇಸಿಗೆಯಲ್ಲೇ ಹೋಗಿ, ಹೊರಡೋ ಮೊದಲು ಮ್ಯೂಸಿಯಂ ತೆರೆದಿರೋ ದಿನಗಳನ್ನ ನೋಡ್ಕೊಳ್ಳಿ.