ಮೊದಲ 20 ನಿಮಿಷ ಗ್ಲಾಸ್ ಮುಟ್ಟಬೇಡಿ

ಎಲ್ಲರಿಗೂ ನಮಸ್ಕಾರ.

ಪತ್ತೇದಾರಿ ಸಿನಿಮಾಗೆ ಯಾವ ವೈನ್ ಹೊಂದುತ್ತದೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೊದಲ ಸಲ ಹೀಗೆ ವೈನ್ ಹಿಡಿದು ಕೂತಾಗ ಕೊಲೆಗಾರ ಯಾರು ಅಂತಲೇ ನನಗೆ ಗೊತ್ತಾಗಲಿಲ್ಲ. ಒಗರು ಜಾಸ್ತಿ ಇರುವ, ಗಟ್ಟಿ ಕೆಂಪು ವೈನ್ ತೆಗೆದಿದ್ದೆ. ಹೆಣ ಬೀಳುವಷ್ಟರಲ್ಲಿ ಎರಡನೇ ಗ್ಲಾಸ್ ಖಾಲಿ. ವಿಚಾರಣೆ ಶುರುವಾದಾಗ ಕಣ್ಣು ಎಳೆಯತೊಡಗಿತು. ಎಚ್ಚರವಾದಾಗ ಪೊಲೀಸರು ಯಾರನ್ನೋ ಕರೆದುಕೊಂಡು ಹೋಗುತ್ತಿದ್ದರು. ಮಾರನೇ ದಿನ ಟೀ ಕುಡಿಯುತ್ತಾ ಮತ್ತೆ ನೋಡಬೇಕಾಯಿತು.

ಅವತ್ತಿನಿಂದ ನನ್ನದು ಒಂದೇ ನಿಯಮ. ಮೊದಲ 20 ನಿಮಿಷ ಗ್ಲಾಸ್ ಮುಟ್ಟಬಾರದು. ಒಳ್ಳೆಯ ಕೊಲೆ ರಹಸ್ಯದಲ್ಲಿ ದೊಡ್ಡ ಸುಳಿವು ಎಷ್ಟೋ ಸಲ ಅಲ್ಲೇ ಬಿದ್ದಿರುತ್ತದೆ. ಯಾರೋ ಸುಮ್ನೆ ಆಡಿದ ಮಾತು, ಮೇಜಿನ ಮೇಲಿನ ಒಂದು ವಸ್ತು. ಆಗ ನಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಕೆಂಪು ವೈನ್ ಆದರೆ ಆ ಹೊತ್ತಿನಲ್ಲಿ ಗ್ಲಾಸಿಗೆ ಬಗ್ಗಿಸಿಡಿ, ಗಾಳಿಯಾಡಲಿ. ಬರೀ ಬಿರಡೆ ತೆಗೆದಿಟ್ಟರೆ ಸಾಲದು. ಅಷ್ಟು ಸಣ್ಣ ಬಾಯಿಯೊಳಗೆ ಗಾಳಿ ಎಷ್ಟು ಹೋದೀತು? 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸ್ ಬರುತ್ತದೆ. ಒಂದು ಸಿನಿಮಾಗೆ ಇಬ್ಬರಿಗೆ ಅಷ್ಟೂ ಬೇಕಾಗಿಲ್ಲ.

1934ರ ‘ದಿ ಥಿನ್ ಮ್ಯಾನ್’ ನೋಡಿದವರು ಈಗ ನಗುತ್ತಿರಬಹುದು. ಅದರಲ್ಲಿ ಪತ್ತೇದಾರ ನಿಕ್ ಚಾರ್ಲ್ಸ್ ಕುಡಿಯದೇ ಇರುವ ದೃಶ್ಯವನ್ನು ಹುಡುಕಬೇಕು. ಅಮೆರಿಕದಲ್ಲಿ ಪಾನನಿಷೇಧ ಮುಗಿದದ್ದು 1933ರ ಡಿಸೆಂಬರ್‌ನಲ್ಲಿ. ಕೆಲವೇ ತಿಂಗಳಲ್ಲಿ ಈ ಸಿನಿಮಾ ಬಂತು. ಹದಿಮೂರು ವರ್ಷದ ಬಾಯಾರಿಕೆ ಪರದೆಯ ಮೇಲೆ ಹರಿಯಿತು ಅನ್ನಿ! ನಿಕ್ ಆಗಲೇ ಆರನೇ ಮಾರ್ಟಿನಿಯಲ್ಲಿದ್ದಾನೆ ಅಂತ ಗೊತ್ತಾದ ಕೂಡಲೇ ಹೆಂಡತಿ ನೋರಾ ತನಗೂ ಇನ್ನೈದು ತಂದು ಸಾಲಾಗಿ ಇಡಲು ಹೇಳುತ್ತಾಳೆ. ಅವರ ಸರಿಸಮ ಕುಡಿಯಲು ಹೋದರೆ ನಾವು ಅರ್ಧ ಸಿನಿಮಾಗೇ ನೆಲಕ್ಕೆ. ನಾನು ಇದಕ್ಕೆ ಸಿಹಿಯಿಲ್ಲದ ಗುಳ್ಳೆ ವೈನ್ ಇಡುತ್ತೇನೆ, 6ರಿಂದ 8 ಡಿಗ್ರಿಗೆ ತಣ್ಣಗೆ ಮಾಡಿ. ಮಾತು ಚಕಚಕ ಓಡುವ ಸಿನಿಮಾಗೆ ನಾಲಿಗೆ ಚುರುಕಾಗಿಡುವ ವೈನ್ ಬೇಕು. ಕೊನೆಗೆ ಅನುಮಾನ ಇರುವವರನ್ನೆಲ್ಲ ನಿಕ್ ಊಟಕ್ಕೆ ಕರೆಯುತ್ತಾನೆ, ಬಡಿಸುವವರು ವೇಷ ಹಾಕಿದ ಪೊಲೀಸರು. ಆ ಹೊತ್ತಿಗೆ ಗ್ಲಾಸ್ ಕೆಳಗಿಡಿ.

ಹೆಸರಿನಲ್ಲಿ ‘ನುವಾರ್’ ಇದೆ ಅಂತ ಫಿಲ್ಮ್ ನುವಾರ್‌ಗೆಲ್ಲ, ಅಂದರೆ ಕತ್ತಲು ಕವಿದ ಹಳೇ ಅಪರಾಧ ಸಿನಿಮಾಗಳಿಗೆಲ್ಲ, ಪಿನೋ ನುವಾರ್ ಅನ್ನುವ ಕೆಂಪು ವೈನ್ ಸುರಿಯುವವರಿದ್ದಾರೆ. ನನಗೆ ಅದು ಬರೀ ಪದದ ಆಟ. 1941ರ ‘ದಿ ಮಾಲ್ಟೀಸ್ ಫಾಲ್ಕನ್’ನಂಥ ಒರಟು ಕಥೆಗೆ ಮೆಣಸಿನ ಘಾಟು ಇರುವ ಸಿರಾ ಅನ್ನುವ ಕೆಂಪು ವೈನ್ ಮೇಲು. ಅದರಲ್ಲಿ ನಾಯಕನ ಗ್ಲಾಸಿಗೇ ಪ್ರಜ್ಞೆ ತಪ್ಪಿಸುವ ಔಷಧಿ ಬೆರೆಸುತ್ತಾರೆ, ನೆನಪಿರಲಿ.

ಆದರೆ ವೈನೇ ಸಾಕ್ಷಿ ಹೇಳುವ ಕಥೆ ಬೇಕಾದರೆ ಟಿವಿಗೆ ಬರಬೇಕು. 1973ರ ಒಂದು ‘ಕೊಲಂಬೊ’ ಕಂತು, ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’. ಕೊಲೆಗಾರ ಯಾರು ಅಂತ ಕೊಲಂಬೊದಲ್ಲಿ ಶುರುವಿನಲ್ಲೇ ತೋರಿಸಿಬಿಡುತ್ತಾರೆ, ಆದ್ದರಿಂದ ನಾನು ಹೇಳಿದರೆ ಬೈಯಬೇಡಿ. ವೈನ್ ತೋಟ ನಡೆಸುವ ಕಾರ್ಸಿನಿ, ಡೊನಾಲ್ಡ್ ಪ್ಲೆಸೆನ್ಸ್ ಮಾಡಿರುವ ಪಾತ್ರ. ತೋಟ ಮಾರುತ್ತೇನೆ ಅಂದ ತಮ್ಮನಿಗೆ ಸಿಟ್ಟಿನಲ್ಲಿ ಹೊಡೆಯುತ್ತಾನೆ. ಅವನನ್ನು ವೈನ್ ಇಡುವ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಉಸಿರುಕಟ್ಟಿ ಸಾಯಲಿ ಅಂತ ಎಸಿ ಆರಿಸಿ ನ್ಯೂಯಾರ್ಕ್‌ಗೆ ಹೋಗಿಬಿಡುತ್ತಾನೆ. ಆ ವಾರ ಊರಲ್ಲಿ ವಿಪರೀತ ಬಿಸಿಲು.

ವೈನ್‌ಗೆ 12, 13 ಡಿಗ್ರಿಯ ತಂಪು ಬೇಕು. ಬಿಸಿ ಏರಿದರೆ ಅದು ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಗಾಳಿ ಒಳಗೆ ಸೇರುತ್ತದೆ, ಹಣ್ಣಿನ ರುಚಿ ಹೋಗಿ ಬೇಯಿಸಿದ ಹಾಗಾಗುತ್ತದೆ. ಪತ್ತೇದಾರ ಕೊಲಂಬೊ ಒಂದು ಊಟಕ್ಕೆ ಕಾರ್ಸಿನಿಯನ್ನು ಕರೆದು ಹಳೇ ಪೋರ್ಟ್ ವೈನ್ ತರಿಸುತ್ತಾನೆ. ಕಾರ್ಸಿನಿ ಒಂದು ಗುಟುಕು ಕುಡಿದು ಕೆಂಡಾಮಂಡಲ. ಈ ವೈನ್ ಬಿಸಿಗೆ ಕೆಟ್ಟಿದೆ ಅಂತ ಹೋಟೆಲಿನವರ ಮೇಲೆ ರೇಗಾಡುತ್ತಾನೆ. ಆ ಬಾಟಲಿ ಅವನದೇ ನೆಲಮಾಳಿಗೆಯದು! ಅವನ ನಾಲಿಗೆಯಷ್ಟು ಸೂಕ್ಷ್ಮವಾದ ನಾಲಿಗೆ ಬೇರೆ ಯಾರಿಗೂ ಇಲ್ಲ. ಹಾಗಾಗಿ ಅವನ ವಿರುದ್ಧ ಅವನೇ ಸಾಕ್ಷಿ. ಒಂದು ತುಂಟ ಅನುಮಾನ ಮಾತ್ರ ನನಗೆ ಉಳಿದಿದೆ. ಮಡೈರಾ ವೈನನ್ನು ಬೇಕೆಂದೇ ಬಿಸಿಯಲ್ಲಿಟ್ಟು ಮಾಡುತ್ತಾರೆ. ಮಾಳಿಗೆ ತುಂಬ ಮಡೈರಾ ಇದ್ದಿದ್ದರೆ ಆತ ಪಾರಾಗುತ್ತಿದ್ದನೋ ಏನೋ, ಅಲ್ವಾ? ಇದನ್ನು ನೋಡುವಾಗ ಪೋರ್ಟ್ ಕುಡಿಯಿರಿ, ಆದರೆ ಸಣ್ಣ ಗ್ಲಾಸಿನಲ್ಲಿ. ಅದರಲ್ಲಿ ಬ್ರಾಂದಿ ಬೆರೆಸಿರುತ್ತಾರೆ, ಮದ್ಯದ ಪ್ರಮಾಣ ಸುಮಾರು ಶೇ. 20. ಹಳೇ ಬಾಟಲಿಯಾದರೆ ತಳದ ಗಸಿ ಏಳದಂತೆ ನಿಧಾನ ಬಗ್ಗಿಸಿ.

ಇವತ್ತು ನಾವು ನೋಡುವುದು ನಿರ್ದೇಶಕ ಹಿಚ್‌ಕಾಕ್‌ನ 1946ರ ‘ನಟೋರಿಯಸ್’. ಕೊಲೆ ರಹಸ್ಯ ಅನ್ನುವುದಕ್ಕಿಂತ ಗೂಢಚಾರರ ಕಥೆ. ಇದರಲ್ಲಿ ಒಂದು ದೊಡ್ಡ ಪಾರ್ಟಿ ಇದೆ. ಕ್ಯಾಮೆರಾ ಮೇಲಿನ ಮಹಡಿಯಿಂದ ಇಳಿದು ಇಳಿದು ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯಲ್ಲಿರುವ ಬೀಗದ ಕೈ ತನಕ ಬರುತ್ತದೆ. ಅದು ವೈನ್ ಮಾಳಿಗೆಯ ಕೀಲಿ. ಅವಳು ಅದನ್ನು ಗಂಡನಿಗೆ ಗೊತ್ತಿಲ್ಲದೆ ತೆಗೆದಿದ್ದಾಳೆ. ಪಾರ್ಟಿಯಲ್ಲಿ ಷಾಂಪೇನ್ ಮುಗಿದರೆ ಇನ್ನಷ್ಟು ತರಲು ಗಂಡ ಕೀಲಿ ಹುಡುಕುತ್ತಾನೆ, ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಐಸ್‌ನಲ್ಲಿಟ್ಟ ಬಾಟಲಿಗಳನ್ನು ನೋಡುತ್ತಿರಿ, ಒಂದೊಂದಾಗಿ ಕಮ್ಮಿಯಾಗುತ್ತವೆ. ಗಡಿಯಾರ ತೋರಿಸುವ ಬದಲು ಬಾಟಲಿ ತೋರಿಸಿದ್ದಾನೆ ಪುಣ್ಯಾತ್ಮ.

ನಿಮಗೂ ಷಾಂಪೇನ್ ಇಟ್ಟಿದ್ದೇವೆ. 20 ನಿಮಿಷ ಆದ ಮೇಲೆ, ಮರೀಬೇಡಿ. ಪಾರ್ಟಿಯ ದೃಶ್ಯದಲ್ಲಿ ದಪ್ಪಗಿನ ಒಬ್ಬ ಮನುಷ್ಯ ಷಾಂಪೇನ್ ಗಟಗಟ ಕುಡಿದು ಸರಕ್ಕನೆ ಹೊರಟುಹೋಗುತ್ತಾನೆ. ಅವನೇ ಹಿಚ್‌ಕಾಕ್. ಇರುವುದೇ ಸಾಲದು ಅನ್ನುವಾಗ ಅದರಲ್ಲೂ ಒಂದು ಗ್ಲಾಸ್ ಕಮ್ಮಿ ಮಾಡಿ ಹೋದ.